ಅಲಗಿನ ಬುಡ

ಅಕ್ಟೋಬರ್ 3, ಗುರುವಾರ

ನನ್ನ ಹೆಂಡತಿ ಸಾಯೊಕೊ ಬೆಳಗಿನ ರೈಲಿಗೆ ಮಾತ್ಸುಮೊತೊ ಊರಿಗೆ ಹೊರಟುಹೋದಳು. ಹೆರಿಗೆಯಾಗುವವರೆಗೆ ಮಗಳು ಚಿನಾತ್ಸು ಹಾಸಿಗೆ ಬಿಟ್ಟು ಏಳಬಾರದೆಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಮಗಳು ತವರಿಗೆ ಬರುವ ಬದಲು ತಾಯಿಯೇ ಮಗಳ ಮನೆಗೆ ಹೋಗಬೇಕಾಯಿತು. ಎರಡು ತಿಂಗಳು, ಹೆಚ್ಚೆಂದರೆ ಮೂರು. ನಿಲ್ದಾಣದಲ್ಲಿ ಅವಳು ಹೇಳಿದ್ದು ಎರಡೇ ಮಾತು: "ಅಪ್ಪನ ಮಾತ್ರೆ ಮರೀಬೇಡಿ. ಜಗಳ ಆಡ್ಬೇಡಿ."

ಜಗಳವಾಡುವುದಕ್ಕೆ ಮಾತಾದರೂ ಬೇಕಲ್ಲ. ಅವಳ ಅಪ್ಪ ನನ್ನ ಮನೆಗೆ ಬಂದು ಎರಡು ವರ್ಷವಾಯಿತು. ಈ ಎರಡು ವರ್ಷಗಳಲ್ಲಿ ಮುದುಕನೂ ನಾನೂ ನೇರವಾಗಿ ಆಡಿದ ಮಾತುಗಳನ್ನು ಒಂದು ಪುಟದಲ್ಲಿ ಬರೆದು ಮುಗಿಸಬಹುದು. "ಸ್ನಾನದ ನೀರು ಬಿಸಿ ಸಾಲದು ಅಂತ ನಿನ್ನ ಗಂಡನಿಗೆ ಹೇಳು" ಎಂದು ಅವನು ಮಗಳಿಗೆ ಹೇಳುತ್ತಿದ್ದ. ನಾನು ಪಕ್ಕದಲ್ಲೇ ಕುಳಿತಿರುತ್ತಿದ್ದೆ.

ನಮ್ಮ ಪಿಂಗಾಣಿ ಕಾರ್ಖಾನೆಗೆ ಟೋಕಿಯೋದ ಗಿರಾಕಿ ಕಂಪನಿಯಿಂದ ಮೂರು ಪೆಟ್ಟಿಗೆ ಬಂದವು. ತೆರೆದರೆ ಜನರು ವಾಪಸು ಮಾಡಿದ ತಂಬಾಕು ಕಾಯಿಸುವ ಸಾಧನಗಳು, ಒಟ್ಟು ಇನ್ನೂರ ಹದಿನೇಳು. ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವುದು ಇಷ್ಟು: ನಾವು ಇಡೀ ಸಾಧನ ಮಾಡುವುದಿಲ್ಲ, ಅದರೊಳಗೆ ನೆಟ್ಟಗೆ ನಿಂತಿರುವ ಪಿಂಗಾಣಿಯ ಅಲಗನ್ನು ಮಾತ್ರ ಮಾಡುತ್ತೇವೆ. ಅಗಲ ನಾಲ್ಕು ಮಿಲಿಮೀಟರ್, ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ತಂಬಾಕಿನ ಕಡ್ಡಿಯನ್ನು ಅದಕ್ಕೆ ಚುಚ್ಚಿದರೆ ಅಲಗು ಮುನ್ನೂರೈವತ್ತು ಡಿಗ್ರಿಗೆ ಕಾಯುತ್ತದೆ. ಕಡ್ಡಿಗೆ ಬೆಂಕಿ ಹತ್ತುವುದಿಲ್ಲ, ಬಿಸಿಯಷ್ಟೇ ಆಗುತ್ತದೆ. ಸೇದಿದ ಮೇಲೆ ಕಡ್ಡಿಯನ್ನು ನೇರವಾಗಿ ಎಳೆದು ತೆಗೆಯಬೇಕು.

ಇನ್ನೂರ ಹದಿನೇಳರಲ್ಲೂ ಅಲಗು ಮುರಿದಿದೆ. ಜನ ತಿರುಚುತ್ತಾರೆ, ಬೇರೇನಲ್ಲ.

ಅಕ್ಟೋಬರ್ 5, ಶನಿವಾರ

ಮುದುಕ ನಾಲ್ಕನೆಯದನ್ನೂ ಮುರಿದ.

ಈ ಮನೆಗೆ ಬಂದ ಮೊದಲ ತಿಂಗಳೇ ಅವನು ಸಿಗರೇಟಿನ ಕಿಡಿಯಿಂದ ಕೋಣೆಯ ಚಾಪೆ ಸುಟ್ಟಿದ್ದ. ಆಗ ಸಾಯೊಕೊ ಅವನಿಗೆ ಕಾಯಿಸುವ ತಂಬಾಕಿನ ಸಾಧನ ಕೊಂಡುಕೊಟ್ಟಳು. ಅವನು ಅದನ್ನು ಪೆನ್ನು ಎನ್ನುತ್ತಾನೆ. ಅದರೊಳಗಿರುವುದು ನಾನು ವಿನ್ಯಾಸ ಮಾಡಿದ ಅಲಗು ಎಂದು ನಾನು ಎಂದೂ ಬಾಯಿ ಬಿಟ್ಟಿಲ್ಲ, ಕಂಪನಿಯ ನಿಯಮ. ಅವನಿಗೆ ಹೇಗೋ ಗೊತ್ತಾಗಿದೆ.

"ಏನ್ರೀ ಇಂಜಿನಿಯರ್ ಸಾಹೇಬ್ರೇ, ನಿಮ್ಮ ಪೆನ್ನು ಮತ್ತೆ ಸತ್ತೋಯ್ತು."

"ತಿರುಚಿದ್ರಾ?"

"ತಿರುಚ್ಲಿಲ್ಲ. ಎಳ್ದೆ."

"ಕೈಪಿಡೀಲಿ ಹನ್ನೊಂದನೇ ಪುಟ ಓದಿ. ನೇರವಾಗಿ ಎಳೀಬೇಕು ಅಂತ ಚಿತ್ರ ಹಾಕಿ ತೋರಿಸಿದಾರೆ."

"ಆ ಚಿತ್ರದಲ್ಲಿರೋ ಕೈ ಯಾವುದೋ ಹುಡುಗೀದು. ನನ್ನ ಕೈ ನೋಡಿದೀರಾ?"

ನಾನು ಅಕ್ಕಿ ತೊಳೆಯುತ್ತಿದ್ದೆ, ತಿರುಗಿ ನೋಡಲಿಲ್ಲ. ಮಧ್ಯಾಹ್ನ ಅಂಗಡಿಗೆ ಹೋಗಿ ಐದನೆಯದನ್ನು ತಂದೆ.

ಅಕ್ಟೋಬರ್ 9, ಬುಧವಾರ

ವರದಿ ಕೊಟ್ಟಾಯಿತು. ಎರಡೇ ಪುಟ. ಕಾರಣ: ಬಳಕೆದಾರರ ತಪ್ಪು. ಪರಿಹಾರ: ಕೈಪಿಡಿಯಲ್ಲಿ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುವುದು. ವಿಭಾಗದ ಮುಖ್ಯಸ್ಥ ಯಾಸುಯಿ ಓದಿ, "ಚೊಕ್ಕವಾಗಿದೆ ಹಿಬಿನೋ" ಎಂದು ಮುದ್ರೆ ಒತ್ತಿದರು. ಟೋಕಿಯೋದ ಗಿರಾಕಿ ಕಂಪನಿಯ ಒದಗಿರಿ ಮೇಡಂ ಸಂಜೆಯೊಳಗೆ ಒಪ್ಪಿಗೆ ಕಳಿಸಿದರು. ಆಕೆ ಸುಲಭವಾಗಿ ಒಪ್ಪುವವರಲ್ಲ.

ಹವೆ ಚೆನ್ನಾಗಿತ್ತು. ನಡೆದುಕೊಂಡೇ ಮನೆಗೆ ಬಂದೆ.

ಅಕ್ಟೋಬರ್ 14, ಸೋಮವಾರ

ರಜೆ. ಇಡೀ ದಿನ ಮುದುಕನೊಂದಿಗೆ ಒಂದೇ ಸೂರಿನಡಿ.

ಬೆಳಿಗ್ಗೆ ನಾನು ಮಾಡಿದ ಸೋಯಾ ಮಿಸೊ ಸಾರನ್ನು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. "ಇದು ಕೆಂಪು ಮಿಸೊ ತೊಳೆದ ನೀರು" ಎಂದ. ಹಾಗಾದರೆ ನೀವೇ ಮಾಡಿಕೊಳ್ಳಿ ಎಂದೆ. ನಿಜವಾಗಿಯೂ ಎದ್ದು ಹೋಗಿ ಮಾಡಿದ. ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನು ನಾನು ಹೇಳಲಿಲ್ಲ.

ಆಮೇಲೆ ಮೇಜಿನ ಮೇಲೆ ಎರಡು ವಸ್ತು ತಂದಿಟ್ಟ. ಒಂದು ಅವನು ಹೇಗೋ ಕಿತ್ತು ತೆಗೆದಿದ್ದ ಮುರಿದ ಅಲಗು. ಇನ್ನೊಂದು, ಹಿಡಿ ಮುರಿದ ಹಳೆಯ ಚಹಾ ಕಪ್ಪು. ಈ ಸೆತೊ ಊರಿನ ಒಂದು ಕಾರ್ಖಾನೆಯಲ್ಲಿ ಐವತ್ತೊಂದು ವರ್ಷ ಕಪ್ಪುಗಳಿಗೆ ಹಿಡಿ ಅಂಟಿಸಿದವನು ಅವನು. ಅದೊಂದೇ ಕೆಲಸ.

"ಕಪ್ಪಿನ ಹಿಡಿ ಎಲ್ಲಿ ಮುರಿದಿದೆ ಹೇಳಿ."

"ಬುಡದಲ್ಲಿ."

"ನಿಮ್ಮ ತಗಡು?"

"ಅದರ ವಿಷಯ ಬೇರೆ. ಅದು ಜಿರ್ಕೋನಿಯಾ, ಮಣ್ಣಲ್ಲ."

"ಬೆಂಕೀಲಿ ಸುಟ್ಟಿದ್ದು ತಾನೇ? ಸುಟ್ಟ ಮೇಲೆ ಎಲ್ಲಾ ನಮ್ಮ ಜಾತಿನೇ. ಬುಡದಲ್ಲಿ ಮೂಲೆ ಬಿಟ್ಟಿದೀರಿ, ಅಲ್ಲಿಂದ ಬಿಟ್ಕೊಂಡಿದೆ. ನಾವು ಹಿಡಿ ಅಂಟಿಸಿದ ಮೇಲೆ ಹೆಬ್ಬೆರಳಲ್ಲಿ ಒಂದು ಸಲ ಹೀಗೆ ಸವರ್ತಿದ್ವಿ. ಮೂಲೆ ಹೋಗಿ ದುಂಡನೆ ತಿರುವು ಆಗೋದು. ಸವರದೇ ಇದ್ದೋನ ಹಿಡಿ ವರ್ಷದೊಳಗೆ ಗಿರಾಕಿ ಕೈಯಲ್ಲಿ ಉಳಿಯೋದು, ಕಪ್ಪು ನೆಲದ ಮೇಲೆ ಬೀಳೋದು."

ಇದು ಕಪ್ಪಲ್ಲ, ಲೆಕ್ಕ ಹಾಕಿ ಮಾಡಿದ ವಸ್ತು ಎಂದೆ. ಅವನು ಕೋಣೆಗೆ ಹೋಗಿ ಟಿವಿಯಲ್ಲಿ ಗೋ ಹಲಗೆಯಾಟ ಹಚ್ಚಿದ.

ಅಕ್ಟೋಬರ್ 16, ಬುಧವಾರ

ಇವತ್ತು ಸುಮ್ಮನೆ, ಮುದುಕನ ಮಾತು ಸುಳ್ಳು ಎಂದು ಖಾತ್ರಿ ಮಾಡಿಕೊಳ್ಳಲೆಂದೇ, ವಾಪಸು ಬಂದ ಅಲಗುಗಳಲ್ಲಿ ನಲವತ್ತನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಪಿಂಗಾಣಿ ಮುರಿದಾಗ ಮುರಿದ ಮುಖದ ಮೇಲೆ ಸಣ್ಣ ಗೆರೆಗಳು ಬೀಸಣಿಗೆಯಂತೆ ಹರಡುತ್ತವೆ. ಗೆರೆಗಳೆಲ್ಲ ಹಿಂದಕ್ಕೆ ಹೋಗಿ ಕೂಡುವ ಜಾಗದಲ್ಲಿ ಬಿರುಕು ಹುಟ್ಟಿರುತ್ತದೆ. ತಿರುಚಿ ಮುರಿದಿದ್ದರೆ ಮುಖ ಸುರುಳಿಯಾಗಿರಬೇಕು. ನಲವತ್ತರಲ್ಲಿ ಸುರುಳಿ ಕಂಡದ್ದು ಎರಡು. ಉಳಿದ ಮೂವತ್ತೆಂಟರಲ್ಲೂ ಬಿರುಕು ಹುಟ್ಟಿದ್ದು ಒಂದೇ ಜಾಗದಲ್ಲಿ: ಬುಡದ ಮೂಲೆ.

ಮೊದಲು ಅಲ್ಲಿ ಮೂಲೆ ಇರಲಿಲ್ಲ. ತಿರುವು ಇತ್ತು. ಸುಟ್ಟ ಮೇಲೆ ಗಟ್ಟಿಯಾದ ಪಿಂಗಾಣಿಯನ್ನು ವಜ್ರದ ಚಕ್ರದಿಂದ ತಿರುವಾಗಿ ಉಜ್ಜಲು ಬಹಳ ಹೊತ್ತು ಹಿಡಿಯುತ್ತಿತ್ತು. ಹೋದ ವರ್ಷ ಮೇ ತಿಂಗಳಲ್ಲಿ ಅದನ್ನು ಚೌಕಾಕಾರಕ್ಕೆ ಬದಲಿಸಿ, ಒಂದೇ ಏಟಿಗೆ ಕತ್ತರಿಸುವಂತೆ ಮಾಡಿದವನು ನಾನು. ಆ ಸುಧಾರಣೆಗೆ ಕಂಪನಿ ಪ್ರಶಸ್ತಿಪತ್ರ ಕೊಟ್ಟಿದೆ. ನನ್ನ ಮೇಜಿನ ಹಿಂದಿನ ಗೋಡೆಯಲ್ಲೇ ತೂಗುತ್ತಿದೆ.

ಅಕ್ಟೋಬರ್ 17, ಗುರುವಾರ

ಬರೆಯುವಂಥದ್ದೇನೂ ಇಲ್ಲ. ಮೀನು ಸೀದುಹೋಯಿತು. ಮುದುಕ ಮುಳ್ಳು ಬಿಟ್ಟು ಎಲ್ಲಾ ತಿಂದ.

ಅಕ್ಟೋಬರ್ 23, ಬುಧವಾರ

ಒಂದು ವಾರದಿಂದ ಯಾರಿಗೂ ಹೇಳದೆ ನಡೆಸಿದ ಪರೀಕ್ಷೆ ಮುಗಿಯಿತು. ಅಲಗನ್ನು ಕಾಯಿಸುವುದು, ಆರಿಸುವುದು, ಪಕ್ಕದಿಂದ ಬೆರಳು ತಾಗಿದಷ್ಟು ಮೆಲ್ಲಗೆ ಒತ್ತುವುದು, ಮತ್ತೆ ಕಾಯಿಸುವುದು. ತಿರುಚುವುದು ಇಲ್ಲವೇ ಇಲ್ಲ. ತಿರುವಿನ ಬುಡದ ಹಳೆಯ ಅಲಗು ಎಂಟು ಸಾವಿರ ಸಲ ತಡೆದುಕೊಂಡು ಇನ್ನೂ ನಿಂತಿದೆ. ನನ್ನ ಚೌಕದ ಬುಡ ಸರಾಸರಿ ಸಾವಿರದ ಒಂಬೈನೂರಕ್ಕೆ ಮುರಿಯುತ್ತದೆ.

ಮಾವ ದಿನಕ್ಕೆ ಹದಿನೈದು ಕಡ್ಡಿ ಸೇದುತ್ತಾನೆ. ಸಾವಿರದ ಒಂಬೈನೂರನ್ನು ಹದಿನೈದರಿಂದ ಭಾಗಿಸಿದರೆ ನಾಲ್ಕು ತಿಂಗಳಿಗಿಂತ ಸ್ವಲ್ಪ ಹೆಚ್ಚು. ನನ್ನ ವಿನ್ಯಾಸ ಬಂದು ಹದಿನೇಳು ತಿಂಗಳಾಯಿತು. ಅವನು ಮುರಿದದ್ದು ನಾಲ್ಕು.

ಮುರಿದದ್ದು ಅವನಲ್ಲ.

ಅಕ್ಟೋಬರ್ 27, ಭಾನುವಾರ

ಒಂದು ಪ್ರಶ್ನೆ ಉಳಿದಿತ್ತು. ಎಲ್ಲರ ಅಲಗೂ ಒಂದೇ ವೇಗದಲ್ಲಿ ಮುರಿಯುವುದಿಲ್ಲ. ಕೆಲವರು ಕಡ್ಡಿಯನ್ನು ಪಕ್ಕಕ್ಕೆ ಬಾಗಿಸಿ ತೆಗೆಯುತ್ತಾರೆ, ಯಾಕೆ? ಅಡುಗೆಮನೆಯಲ್ಲಿ ಮೀನು ತೂಗುವ ಕೊಕ್ಕೆ ತಕ್ಕಡಿ ಇದೆ. ಅದಕ್ಕೆ ತಂಬಾಕಿನ ಕಡ್ಡಿ ಕಟ್ಟಿಕೊಂಡು ಮಾವನ ಕೋಣೆಗೆ ಹೋದೆ.

"ಸ್ವಲ್ಪ ಕೈ ಕೊಡ್ತೀರಾ?"

"ಯಾಕೆ, ನಾಡಿ ನೋಡ್ತೀರಾ?"

"ಈ ಕಡ್ಡಿ ಹಿಡಿದು ನೇರವಾಗಿ ಎಳೀರಿ. ಬೆರಳು ಜಾರೋವರೆಗೆ."

"ಅಯ್ಯೋ, ಇಂಜಿನಿಯರ್ ಸಾಹೇಬ್ರು ನನ್ನನ್ನ ಮೀನು ಮಾಡಿಬಿಟ್ರಲ್ಲ!" ಎಂದು ನಕ್ಕ. ಆದರೆ ಎಳೆದ. ಹತ್ತು ಸಲ ಎಳೆಸಿದೆ. ನಾನೂ ಎಳೆದೆ. ಅಂಟಿಕೊಂಡ ಕಡ್ಡಿಯನ್ನು ನೇರವಾಗಿ ಎಳೆಯಲು ಆರುನೂರು ಗ್ರಾಮಿನಷ್ಟು ಬಲ ಬೇಕು. ಮಾವನ ಬೆರಳು ನಾನೂರಕ್ಕೇ ಜಾರುತ್ತದೆ. ಕೈಪಿಡಿ ಹೇಳಿದ ಹಾಗೆ ಮಾಡಲು ಅವನಿಗೆ ಸಾಧ್ಯವೇ ಇಲ್ಲ. ಮೊದಲು ಪಕ್ಕಕ್ಕೆ ಬಾಗಿಸಿ ಸಡಿಲ ಮಾಡಿಕೊಂಡರಷ್ಟೇ ಕಡ್ಡಿ ಬರುತ್ತದೆ.

ಆಗ ಆ ಕೈಯನ್ನು ಸರಿಯಾಗಿ ನೋಡಿದೆ. ಹೆಬ್ಬೆರಳ ಬುಡದ ಗಂಟು ಊದಿಕೊಂಡು ಬೆರಳೇ ಒಳಕ್ಕೆ ತಿರುಗಿದೆ.

"ಎಷ್ಟು ವರ್ಷದಿಂದ ಹೀಗಿದೆ?"

"ಮೂವತ್ತಾಗಿರಬಹುದು. ಚಳಿಗಾಲದಲ್ಲಿ ಜೇಡಿ ಮಂಜುಗಡ್ಡೆ ಥರ ಇರೋದು. ಎಲ್ಲರದ್ದೂ ಹೀಗೇ."

"ಸಾಯೊಕೊ ನನಗೆ ಹೇಳೇ ಇಲ್ವಲ್ಲ."

"ಅವಳಿಗೇ ಗೊತ್ತಿಲ್ಲ. ಡಬ್ಬದ ಮುಚ್ಚಳ, ಬಾಟ್ಲಿ ಎಲ್ಲಾ ಫುಮಿಯೆ ತೆಗೆದುಕೊಡ್ತಿದ್ಲು. ಈಗ..." ಎಂದ. ಫುಮಿಯೆ ಎಂದರೆ ಸಾಯೊಕೊಳ ತಾಯಿ, ಎರಡು ವರ್ಷದ ಹಿಂದೆ ತೀರಿಕೊಂಡವರು.

ಉಪ್ಪು ಹಾಕಿದ ಪ್ಲಮ್ ಜಾಡಿಯ ಮುಚ್ಚಳವನ್ನು ಸಡಿಲ ಮಾಡಿಟ್ಟೆ. ಸೋಯಾ ಸಾಸಿನದನ್ನೂ.

ನವೆಂಬರ್ 1, ಶುಕ್ರವಾರ

ಯಾಸುಯಿ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದು ಕುಳಿತರು.

"ಹಿಬಿನೋ, ವರದಿ ಹೋಗಿ ಮೂರು ವಾರ ಆಯ್ತು. ಅವರು ಒಪ್ಪಿದಾರೆ. ದಪ್ಪ ಅಕ್ಷರ ಅಚ್ಚಿಗೂ ಹೋಗಿದೆ."

"ವರದಿ ತಪ್ಪು, ಸಾರ್."

"ಮುಂದಿನ ಮಾದರಿಯ ಇಡೀ ಆರ್ಡರ್ ಹೋಗಬಹುದು. ಅರುವತ್ತು ಜನ ಇದ್ದೀವಿ ಇಲ್ಲಿ. ಅದನ್ನೂ ಯೋಚನೆ ಮಾಡಿದೀಯಾ?"

ಮಾಡಿದ್ದೆ. ಒಂಬತ್ತು ದಿನ ಅದನ್ನೇ ಮಾಡಿದ್ದೆ. ಸುಮ್ಮನಿದ್ದರೆ ಮುಂದಿನ ಮಾದರಿಯೂ ಅದೇ ಬುಡದಲ್ಲಿ ಮುರಿಯುತ್ತದೆ, ಆಗ ಹೇಳಿದರೆ ಯಾರೂ ಕೇಳುವುದಿಲ್ಲ ಎಂದೆ. ಜೊತೆಗೆ, ಅದುವರೆಗೆ ಜನ ತಮ್ಮ ಕೈಯನ್ನೇ ಬೈದುಕೊಳ್ಳುತ್ತಿರುತ್ತಾರೆ ಎಂದೂ ಬಾಯಿಂದ ಬಂದುಬಿಟ್ಟಿತು.

ಯಾಸುಯಿ ಕನ್ನಡಕ ತೆಗೆದು ಒರೆಸಿದರು. ಅವರು ಬಯ್ಯುತ್ತಾರೆಂದು ಕಾದೆ.

"ಏಳನೇ ತಾರೀಕು ಟೋಕಿಯೋದಲ್ಲಿ ಸಭೆ ಇದೆ. ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಗೋಡೆಯ ಪ್ರಶಸ್ತಿಪತ್ರ ತೆಗೆದು ಸೆಳೆಖಾನೆಗೆ ಹಾಕಿದೆ.

ನವೆಂಬರ್ 7, ಗುರುವಾರ

ಬೆಳಿಗ್ಗೆ ಹೊರಡುವಾಗ ಮಾವ ಎದ್ದು ಬಾಗಿಲ ಬಳಿ ನಿಂತಿದ್ದರು. ಕಾಗದದಲ್ಲಿ ಸುತ್ತಿದ ಎರಡು ಅನ್ನದ ಉಂಡೆ ಕೈಗೆ ಕೊಟ್ಟರು. ಒಂದೂ ದುಂಡಗಿರಲಿಲ್ಲ.

"ಬೈಸಿಕೊಳ್ಳೋಕೆ ಹೋಗ್ತಿದೀಯ ಅಂತ ಮುಖದಲ್ಲೇ ಬರೆದಿದೆ. ಹೊಟ್ಟೆ ತುಂಬಿಸಿಕೊಂಡು ಬೈಸ್ಕೋ."

ಸಭೆಯಲ್ಲಿ ಒಂಬತ್ತು ಜನ. ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ: ಬೀಸಣಿಗೆಯ ಗೆರೆಗಳು, ಮೂವತ್ತೆಂಟು ಮೂಲೆಗಳು, ಎಂಟು ಸಾವಿರ ಮತ್ತು ಸಾವಿರದ ಒಂಬೈನೂರು. ಕೊನೆಗೆ, "ಈ ಬದಲಾವಣೆ ಮಾಡಿದವನು ನಾನು, ತಪ್ಪು ವರದಿ ಬರೆದವನೂ ನಾನೇ" ಎಂದು ಎದ್ದು ನಿಂತು ತಲೆ ಬಾಗಿಸಿದೆ. ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಯಾಸುಯಿ ಅವರೂ ಎದ್ದು ಬಾಗಿದ್ದರು.

ಒದಗಿರಿ ಮೇಡಂ ನನ್ನ ಹಳೆಯ ವರದಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ನಾನು ನಿಮ್ಮ ಮಾತು ನಂಬಿ ನಮ್ಮ ಮೇಲಿನವರಿಗೆ ಸಹಿ ಹಾಕಿ ಕೊಟ್ಟಿದ್ದೆ, ಹಿಬಿನೋ ಅವರೇ. ಈಗ ನಾನೂ ಹೋಗಿ ಹೀಗೇ ತಲೆ ಬಗ್ಗಿಸಬೇಕು. ಗೊತ್ತಾಯ್ತಾ?" ಎಂದರು.

"ಗೊತ್ತಾಯ್ತು."

ಅಚ್ಚಾದ ಕೈಪಿಡಿ ನಿಲ್ಲಿಸುತ್ತಾರೆ. ಮುರಿದವನ್ನೆಲ್ಲ ಪ್ರಶ್ನೆ ಕೇಳದೆ ಬದಲಾಯಿಸಿಕೊಡುತ್ತಾರೆ, ಅರ್ಧ ಹೊರೆ ನಮ್ಮ ಮೇಲೆ. ಮುಂದಿನ ಮಾದರಿಯ ಅರ್ಧ ಆರ್ಡರ್ ಇನ್ನೊಬ್ಬರಿಗೆ ಹೋಯಿತು. ಉಳಿದರ್ಧ ಬೇಕಾದರೆ ಡಿಸೆಂಬರ್ ಇಪ್ಪತ್ತಕ್ಕೆ ಹೊಸ ಅಲಗು ತೋರಿಸಬೇಕು, ಅದೂ ಈಗಿನಷ್ಟೇ ಬೇಗ ತಯಾರಾಗುವಂಥದ್ದು. ಹಳೆಯ ವಿಧಾನಕ್ಕೆ ವಾಪಸು ಹೋಗುವ ಹಾಗಿಲ್ಲ.

ರೈಲಿನಲ್ಲಿ ಫುಜಿ ಪರ್ವತ ಕಾಣಲಿಲ್ಲ, ಮೋಡ. ಉಳಿದ ಒಂದು ಅನ್ನದ ಉಂಡೆ ತಿಂದೆ. ನಗೊಯ ಬರುವವರೆಗೆ ಗೊರಕೆ ಹೊಡೆದೆನೆಂದು ಯಾಸುಯಿ ಹೇಳಿದರು.

ನವೆಂಬರ್ 10, ಭಾನುವಾರ

ಮಾವನವರು ಸಭೆಯಲ್ಲಿ ಏನಾಯಿತೆಂದು ಕೇಳಿದರು. ಹೇಳಿದೆ. ನಿಯಮದ ಪ್ರಕಾರ ಹೇಳಬಾರದು.

"ತಿರುವು ಮಾಡೋಕೆ ಯಾಕೆ ಅಷ್ಟು ಹೊತ್ತು?"

"ಸುಟ್ಟ ಮೇಲೆ ಅದು ಉಕ್ಕಿಗಿಂತ ಗಟ್ಟಿ. ವಜ್ರದಲ್ಲಿ ಉಜ್ಜಬೇಕು."

ಅವರು ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ಚಪ್ಪಲಿಯನ್ನು ತಲೆಗೆ ಹಾಕಿಕೊಂಡವನನ್ನು ನೋಡಿದ ಹಾಗೆ.

"ಸುಟ್ಟ ಮೇಲೆ ಯಾಕಪ್ಪಾ ಕೆತ್ತೋದು? ಸುಡೋಕೆ ಮುಂಚೆ, ಮಣ್ಣು ಅರೆ ಒಣಗಿದಾಗ ಚರ್ಮದ ಹದ ಇರತ್ತಲ್ಲ, ಆಗ ಉಗುರಲ್ಲೂ ಆಗತ್ತೆ."

ನಮ್ಮ ಪಿಂಗಾಣಿಯೂ ಸುಡುವ ಮುಂಚೆ ಬಗ್ಗುವ ಹಾಳೆಯೇ. ಅದರ ಮೇಲೆ ವಿದ್ಯುತ್ತು ಹರಿದು ಕಾಯುವ ಲೋಹದ ಗೆರೆಯನ್ನು ಅಚ್ಚು ಹಾಕಿ, ಸುಟ್ಟು, ಆಮೇಲೆ ಕತ್ತರಿಸುತ್ತೇವೆ. ಸುಟ್ಟಾಗ ಹಾಳೆ ಐದರಲ್ಲಿ ಒಂದು ಭಾಗ ಕುಗ್ಗುತ್ತದೆ. ಮೊದಲೇ ಕತ್ತರಿಸಿದರೆ ಅಳತೆ ಕೈಗೆ ಸಿಗುವುದಿಲ್ಲ ಎಂದು ನನಗೆ ಮೊದಲ ವರ್ಷ ಕಲಿಸಿದ್ದರು. ಇಪ್ಪತ್ತಮೂರು ವರ್ಷದಿಂದ ಅದನ್ನು ಪ್ರಶ್ನಿಸಿರಲಿಲ್ಲ.

"ಕುಗ್ಗಿದ್ರೆ ಎಷ್ಟು ಕುಗ್ಗತ್ತೆ ಅಂತ ನೋಡ್ಕೊಂಡು ದೊಡ್ಡದು ಮಾಡು. ಕಪ್ಪು ಕುಗ್ಗಲ್ವಾ? ಹಿಡಿ ಕುಗ್ಗಲ್ವಾ? ಎರಡೂ ಕುಗ್ಗಿ ಕೂಡಲ್ವಾ?" ಎಂದು ಕುರ್ಚಿಯ ತುದಿಗೆ ಬಂದು ಕುಳಿತರು. ಮಧ್ಯಾಹ್ನದ ಊಟಕ್ಕೆ ಎದ್ದಾಗ ಮೂರು ಗಂಟೆ. ಮೇಜಿನ ತುಂಬ ಕಾಗದ.

ನವೆಂಬರ್ 24, ಭಾನುವಾರ

ಬೆಳಿಗ್ಗೆ ಆರೂವರೆಗೆ ಫೋನು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಸಾಯೊಕೊ ಅಳುತ್ತ ನಗುತ್ತ ಏನೇನೋ ಹೇಳಿದಳು, ಅರ್ಧ ಅರ್ಥವಾಗಲಿಲ್ಲ. ಫೋನನ್ನು ಅಪ್ಪನಿಗೆ ಕೊಡಿ ಎಂದಳು. ಮಾವನವರು ಅದನ್ನು ತಲೆಕೆಳಗಾಗಿ ಹಿಡಿದು, "ಹೂಂ, ಹೂಂ" ಎಂದು ಹತ್ತು ಸಲ ಅಂದರು.

ಶುಭ ಸುದ್ದಿಗೆ ಮಾಡುವ ಕೆಂಪು ಅನ್ನ ಆಗಬೇಕು ಎಂದರು. ಅಲಸಂದೆ ಬೇಯಿಸಿದ ನೀರಿನಲ್ಲಿ ಅಕ್ಕಿ ನೆನೆಸುವುದು ನನಗೆ ಗೊತ್ತಿರಲಿಲ್ಲ, ಅವರಿಗೆ ಅಳತೆ ನೆನಪಿರಲಿಲ್ಲ. ಅಕ್ಕಿ ಬೆಂದದ್ದು ಮುದ್ದೆಯಾಗಿ. ಪಕ್ಕದ ಮನೆಯವರಿಗೂ ಕೊಟ್ಟೆವು. ನಾಚಿಕೆಯೇನೂ ಆಗಲಿಲ್ಲ.

ಡಿಸೆಂಬರ್ 4, ಬುಧವಾರ

ಹೊಸ ಅಲಗಿನ ಮೊದಲ ಭಟ್ಟಿ ತೆಗೆದೆವು. ಬುಡದ ತಿರುವು ಚೆನ್ನಾಗಿ ಬಂದಿದೆ, ಅಳತೆಯೂ ಸರಿಯಿದೆ. ಆದರೆ ಇನ್ನೂರರಲ್ಲಿ ನೂರ ಎಂಬತ್ತು ಒಣಗಿದ ಎಲೆಯ ಹಾಗೆ ಸೊಟ್ಟಗಾಗಿವೆ. ಹದಿನಾರು ದಿನ ಉಳಿದಿದೆ.

ಡಿಸೆಂಬರ್ 7, ಶನಿವಾರ

ಯಾಸುಯಿ ಅವರಲ್ಲಿ ಒಂದು ಅನುಮತಿ ಕೇಳಿದೆ. ಅವರು ಮೂರು ಕಾಗದಕ್ಕೆ ಸಹಿ ಹಾಕಿಸಿಕೊಂಡು ಒಪ್ಪಿದರು. ಇವತ್ತು ಮಾವನವರನ್ನು ಕಾರ್ಖಾನೆಗೆ ಕರೆದುಕೊಂಡು ಹೋದೆ. ಅವರು ಮದುವೆಗೆ ಹೊರಟವರಂತೆ ಕೋಟು ಹಾಕಿಕೊಂಡಿದ್ದರು.

ಸೊಟ್ಟ ಅಲಗೊಂದನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದರು. ತಿರುಗಿಸಿದರು. ಇನ್ನೊಂದು ಕೇಳಿದರು.

"ಎಲ್ಲಾ ಒಂದೇ ಕಡೆ ಬಾಗಿವೆ. ಗೆರೆ ಇರೋ ಕಡೆ."

"ಹೌದಲ್ಲ!" ಎಂದ ಯಾಸುಯಿ ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ಪಕ್ಕಕ್ಕೆ ಬಂದರು.

"ಒಂದು ಕಡೆ ಬಣ್ಣ ಬಳಿದ ತಟ್ಟೆ ಹಿಂಗೇ ಆಗೋದು. ಬಣ್ಣ ಒಂದು ಥರ ಕುಗ್ಗತ್ತೆ, ಮಣ್ಣು ಒಂದು ಥರ. ನಾವು ಹಿಂದ್ಗಡೆನೂ ಅದನ್ನೇ ಬಳೀತಿದ್ವಿ, ಯಾರ ಕಣ್ಣಿಗೂ ಬೀಳದೇ ಇದ್ರೂ. ಆಮೇಲೆ ಮೇಲೊಂದು ಹಲಗೆ ಹೇರಿಬಿಡೋದು."

ಕಾಯುವ ಗೆರೆಯನ್ನು ಎರಡೂ ಕಡೆ ಅಚ್ಚು ಹಾಕುವುದು, ಹಿಂದಿನದಕ್ಕೆ ವಿದ್ಯುತ್ತು ಹರಿಸದೆ ಬಿಡುವುದು. ಒಂದು ಗಂಟೆ ಯಾಸುಯಿ ಅವರೂ ನಾನೂ ಅದರ ಲೆಕ್ಕ ಹಾಕಿದೆವು. ಹಿಂದಿನ ಗೆರೆಯನ್ನೇ ಬಿಸಿ ಅಳೆಯುವುದಕ್ಕೆ ಬಳಸಬಹುದೆಂದು ಯಾಸುಯಿ ಹೇಳಿದರು. ಬಿಸಿ ಹೆಚ್ಚಿದಂತೆ ಅದರ ವಿದ್ಯುತ್ ತಡೆ ಹೆಚ್ಚುತ್ತದೆ, ಅದನ್ನು ಓದಿದರಾಯಿತು. ಮಾವನವರು ಅಷ್ಟರಲ್ಲಿ ಭಟ್ಟಿಯ ಹುಡುಗಿಯರ ಜೊತೆ ಚಹಾ ಕುಡಿಯುತ್ತ, ಅವರು ತಟ್ಟೆ ಜೋಡಿಸುವ ರೀತಿಯಲ್ಲಿ ತಪ್ಪು ಹುಡುಕುತ್ತಿದ್ದರು.

ಡಿಸೆಂಬರ್ 13, ಶುಕ್ರವಾರ

ಇನ್ನೂರರಲ್ಲಿ ನೂರ ತೊಂಬತ್ತನಾಲ್ಕು ನೆಟ್ಟಗಿವೆ! ಪರೀಕ್ಷೆ ಶುರು ಮಾಡಿದೆವು. ಮನೆಗೆ ಬಂದು ಹೇಳಿದರೆ ಮಾವನವರು, "ಉಳಿದ ಆರು ಏನಾಯ್ತು?" ಎಂದರು.

ಡಿಸೆಂಬರ್ 20, ಶುಕ್ರವಾರ

ಒದಗಿರಿ ಮೇಡಂ ತಾವೇ ಸೆತೊಗೆ ಬಂದರು. ಎಂಟು ಸಾವಿರ ದಾಟಿದ ಮೂವತ್ತು ಅಲಗುಗಳನ್ನು ಮುಂದಿಟ್ಟೆ. ಆಕೆ ಸಂಖ್ಯೆಗಳನ್ನು ಓದಿ ಮುಗಿಸಿ, ಒಂದು ಸಾಧನ ಎತ್ತಿಕೊಂಡು ಕಡ್ಡಿ ಚುಚ್ಚಿ ಬೇಕೆಂದೇ ಪಕ್ಕಕ್ಕೆ ಬಾಗಿಸಿ ಎಳೆದರು. ಮತ್ತೆ ಮತ್ತೆ. ಅಲಗು ಮುರಿಯಲಿಲ್ಲ.

ಮೀನಿನ ತಕ್ಕಡಿಯ ಅಂಕಿಗಳನ್ನೂ ತೋರಿಸಿದೆ. ಅಲಗಿಗೂ ಅದಕ್ಕೂ ಸಂಬಂಧವಿಲ್ಲ, ಹೊರಗಿನ ಕವಚ ಮಾಡುವವರು ಅವರು. ಆದರೂ ಹೇಳಿದೆ: ಕವಚವನ್ನು ಇಡೀ ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆ ಸರಿಸಿದರೆ ಕಡ್ಡಿಯೂ ಜೊತೆಗೇ ಬರುವಂತೆ ಮಾಡಿದರೆ ಬೆರಳಿನ ಬಲ ಬೇಕಾಗುವುದಿಲ್ಲ.

"ಈ ನಾನೂರು ಗ್ರಾಂ ಯಾರದು?"

"ನಮ್ಮ ಮಾವನವರದು."

"ನಮ್ಮಲ್ಲಿ ಪರೀಕ್ಷೆ ಮಾಡೋರೆಲ್ಲ ಮೂವತ್ತರ ಒಳಗಿನೋರು," ಎಂದು ಆಕೆ ಅಂಕಿಗಳನ್ನು ತಮ್ಮ ಪುಸ್ತಕಕ್ಕೆ ಬರೆದುಕೊಂಡರು. "ಇನ್ನೂ ಹತ್ತು ಜನ ಇಂಥವರ ಕೈ ಅಳೆದು ಕೊಡ್ತೀರಾ?"

ಅರ್ಧ ಆರ್ಡರ್ ಉಳಿಯಿತು. ಹೋದ ಅರ್ಧ ವಾಪಸು ಬರುವುದಿಲ್ಲ. ಯಾರನ್ನೂ ತೆಗೆಯಬೇಕಾಗಿಲ್ಲ, ಆದರೆ ನನಗೆ ಈ ಸಲ ಬಡ್ತಿ ಇಲ್ಲ ಎಂದು ಯಾಸುಯಿ ಕಷ್ಟಪಟ್ಟು ಹೇಳಿದರು. ಸರಿ ಎಂದೆ. ಹತ್ತು ಜನರನ್ನು ಎಲ್ಲಿ ಹುಡುಕುವುದೆಂದು ಯೋಚಿಸುತ್ತಿದ್ದೆ. ಮಾವನವರ ಹಳೆಯ ಜೊತೆಗಾರರು ಗುರುವಾರ ಗುರುವಾರ ಸಾರ್ವಜನಿಕ ಸ್ನಾನದ ಮನೆಯಲ್ಲಿ ಸೇರುತ್ತಾರಂತೆ.

ಡಿಸೆಂಬರ್ 26, ಗುರುವಾರ

ಸ್ನಾನದ ಮನೆಯಲ್ಲಿ ಹನ್ನೊಂದು ಮುದುಕರ ಕೈ ಅಳೆದೆ. ಇಷ್ಟು ನಕ್ಕು ಬಹಳ ವರ್ಷವಾಗಿತ್ತು. "ಶೋಕಿಚಿ, ನಿನ್ನ ಅಳಿಯ ಮದುವೆಗೆ ಹೆಣ್ಣು ಹುಡುಕ್ತಿದಾನಾ, ಎಲ್ಲರ ಕೈ ಹಿಡೀತಾನಲ್ಲೋ" ಎಂದು ಒಬ್ಬರು ಕೂಗಿದರು. "ನನ್ನ ಅಳಿಯನ ತಂಟೆಗೆ ಬರಬೇಡ," ಎಂದರು ಮಾವನವರು.

ಡಿಸೆಂಬರ್ 28, ಶನಿವಾರ

ಸಾಯೊಕೊ ಬಂದಳು. ಅಡುಗೆಮನೆಗೆ ಕಾಲಿಟ್ಟವಳೇ ಜಾಡಿಯ ಮುಚ್ಚಳಗಳೆಲ್ಲ ಯಾಕೆ ಸಡಿಲ ಎಂದು ಕೇಳಿದಳು. ಊಟದ ಹೊತ್ತಿನಲ್ಲಿ ಒಮ್ಮೆ ನನ್ನನ್ನು, ಒಮ್ಮೆ ಅಪ್ಪನನ್ನು ನೋಡುತ್ತಿದ್ದಳು. ಬಂದ ದಿನವೇ ತಪ್ಪು ಹುಡುಕುತ್ತಿದ್ದಾಳೆ ಎಂದುಕೊಂಡೆ.

"ಇಬ್ರೂ ಹೇಗಿದ್ರಿ?" ಎಂದಳು ಕೊನೆಗೆ.

"ಹೇಗಿರೋದು, ಇದ್ದ ಹಾಗೇ," ಎಂದೆ.

"ಇದ್ದ ಹಾಗೇ," ಎಂದರು ಮಾವನವರೂ.

ಜನವರಿ 3, ಶುಕ್ರವಾರ

ಚಿನಾತ್ಸು, ಅವಳ ಗಂಡ, ಮಗು ಮಧ್ಯಾಹ್ನದ ರೈಲಿಗೆ ಬಂದರು. ಮಗುವಿನ ಹೆಸರು ಇತೊಹಾ.

ನಿನ್ನೆ ಹೊಸ ಅಲಗಿನ ಸಾಧನವೊಂದನ್ನು ಮಾವನವರ ಕೈಗೆ ಕೊಟ್ಟಿದ್ದೆ. ಅಂಗಳಕ್ಕೆ ಹೋಗಿ ಒಂದು ಕಡ್ಡಿ ಸೇದಿ, ತಮ್ಮ ರೀತಿಯಲ್ಲೇ ಬಾಗಿಸಿ ತೆಗೆದು, ಅಲಗನ್ನು ಇಣುಕಿ ನೋಡಿ, "ಚೆನ್ನಾಗಿದೆ" ಎಂದಿದ್ದರು. ಆಮೇಲೆ ಸಾಧನವನ್ನೂ ಉಳಿದ ಕಡ್ಡಿಗಳನ್ನೂ ಒಂದು ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಡಲು ನನಗೇ ಕೊಟ್ಟರು. ಮಗು ಬರ್ತಿದೆ, ಬೇಡ ಎಂದರು. ಮಗು ಹೋದ ಮೇಲೆ ಇಳಿಸಿಕೊಡಲಾ ಎಂದೆ. ನೋಡೋಣ ಎಂದರು. ಅರುವತ್ತು ವರ್ಷದ ಅಭ್ಯಾಸ, ಬೆಳಗಿನಿಂದ ಮೂರು ಸಲ ಜೇಬು ತಡವಿಕೊಂಡಿದ್ದಾರೆ, ಕೇಳಿಲ್ಲ. ನನ್ನ ಅಲಗನ್ನು ಇಷ್ಟು ಕಷ್ಟಪಟ್ಟು ಮಾಡಿದ್ದು ಅವರ ಕೈಗೆ. ಅವರೇ ಬಿಟ್ಟರೆ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ.

ಚಿನಾತ್ಸು ಮಗುವನ್ನು ಮೊದಲು ಅವರಿಗೇ ಕೊಡಲು ಹೋದಳು. ಅವರು ಕೈ ಹಿಂದಕ್ಕೆಳೆದುಕೊಂಡರು.

"ಬೇಡಮ್ಮ. ಈ ಕೈಯಲ್ಲಿ ಬೇಡ. ಜಾರಿಹೋದೀತು."

"ಏನೂ ಆಗಲ್ಲ ತಾತ."

"ನಿನಗೆ ಗೊತ್ತಿಲ್ಲ."

ನಾನು ಅವರ ಪಕ್ಕಕ್ಕೆ ಹೋಗಿ ಕುಳಿತು, "ಅಂಗೈ ಮೇಲೆ ಮಾಡಿ ಇಡಿ ಮಾವ. ಹಿಡೀಬೇಕಾಗಿಲ್ಲ, ಹಾಗೇ ಇಟ್ಕೊಂಡಿರಿ ಸಾಕು" ಎಂದು ಅವರ ಎರಡೂ ಕೈಗಳ ಕೆಳಗೆ ನನ್ನ ಕೈಗಳನ್ನಿಟ್ಟೆ. ಚಿನಾತ್ಸು ಮಗುವನ್ನು ಮಲಗಿಸಿದಳು. ನಾಲ್ಕು ಕಿಲೋ ಇನ್ನೂರು ಗ್ರಾಂ ಅಂತೆ. ಅವರ ಬೆರಳ ಗಂಟುಗಳು ನನ್ನ ಅಂಗೈಗೆ ಒತ್ತುತ್ತಿದ್ದವು. ಮಗು ಆಕಳಿಸಿ ನಿದ್ದೆಹೋಯಿತು.

ಸಾಯೊಕೊ ಊಟಕ್ಕೆ ಎರಡು ಸಲ ಕರೆದಳು. ನಾವಿಬ್ಬರೂ ಏಳಲಿಲ್ಲ. ನನ್ನ ಕೈಗಳು ಜೋಮು ಹಿಡಿದಿದ್ದವು, ಆದರೂ ಆ ಜಾಗ ಬಿಡಲು ಮನಸ್ಸಾಗಲಿಲ್ಲ.